ಕನ್ನಿಮೂಲೆಯ ಉಪ್ಪು

ಕ್ಲೆಟಸ್ ಡಿಸೋಜನಷ್ಟು ಹೆದರುವ ಮನುಷ್ಯನನ್ನು ನಾನು ನೋಡಿಲ್ಲ. ಇದನ್ನು ಅವನ ಬೆನ್ನ ಹಿಂದೆ ಹೇಳುತ್ತಿಲ್ಲ, ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ. ನಮ್ಮ ಬ್ಯಾಂಡಿನಲ್ಲಿ ಅವನು ಬಾಸ್ ಗಿಟಾರ್, ನಾನು ಡ್ರಮ್ಸ್. ಸ್ಟೇಜಿನಲ್ಲಿ ಅವನು ನಿಲ್ಲುವುದು ನನ್ನ ಬಲಗಡೆ. ನನ್ನ ಕಾಲು ದೊಡ್ಡ ಡ್ರಮ್ಮಿಗೆ ಒದೆಯುವುದೂ ಅವನ ಬೆರಳು ದಪ್ಪ ತಂತಿಯನ್ನು ಎಳೆಯುವುದೂ ಒಂದೇ ಕ್ಷಣದಲ್ಲಿ ಆಗಬೇಕು, ಅದೇ ನಮ್ಮಿಬ್ಬರ ಕೆಲಸ. ವರ್ಷಗಟ್ಟಲೆ ಹೀಗೆ ಪಕ್ಕದಲ್ಲಿ ಇದ್ದವನಿಗೆ ಪಕ್ಕದವನ ಉಸಿರೂ ಗೊತ್ತಾಗುತ್ತದೆ. ಅವನ ಉಸಿರು ಯಾವತ್ತೂ ಒಂದು ತಾಳ ಮುಂದೆಯೇ ಓಡುತ್ತಿತ್ತು.

ಬಾಸ್ ಗಿಟಾರ್ ಯಾರಿಗೂ ಬೇಡದ ವಾದ್ಯ. ಇಗರ್ಜಿಯ ಗಾಯನ ಮಂಡಳಿಗೆ ಯಾರೋ ದಾನ ಕೊಟ್ಟ ಬಾಸ್ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದಾಗ, "ನೀನು ತೆಗೊ" ಎಂದು ಪಾದ್ರಿಗಳು ಕ್ಲೆಟಸನ ಕೈಗೆ ಕೊಟ್ಟರಂತೆ. ಬೇಡ ಎನ್ನಲು ಹೆದರಿಕೆಯಾಗಿ ತೆಗೆದುಕೊಂಡ. ಹಗಲು ಮೀಂಜ ಪೇಟೆಯಲ್ಲಿ ಬೈಕುಗಳ ಸೀಟಿಗೆ ಕವರ್ ಹೊಲಿಯುತ್ತಾನೆ, ಮದುವೆ ಸೀಸನ್ನಿನಲ್ಲಿ ನಮ್ಮೊಟ್ಟಿಗೆ ಬಾರಿಸುತ್ತಾನೆ. ಮದುವೆಯ ವೀಡಿಯೊಗಳಲ್ಲಿ ಅವನು ಎಲ್ಲಿಯೂ ಸಿಗುವುದಿಲ್ಲ. ಕ್ಯಾಮೆರಾದವರು ಹಾಡುವವರನ್ನು ಹಿಡಿಯುತ್ತಾರೆ, ಹೆಚ್ಚೆಂದರೆ ನನ್ನ ಕೋಲು ತಿರುಗುವುದನ್ನು ಹಿಡಿಯುತ್ತಾರೆ. ಅವನ ಹೆಂಡತಿ ರೋಸ್ಮೇರಿ ಒಮ್ಮೆ ಇಡೀ ವೀಡಿಯೊ ನೋಡಿ, "ನೀವು ನಿಜವಾಗಿಯೂ ಅಲ್ಲಿಗೇ ಹೋದದ್ದಾ?" ಎಂದು ಕೇಳಿದ್ದಳು.

ಮೊದಲು ಅವನು ಹೀಗೆ ಇರಲಿಲ್ಲ. ಹಾಡಿನ ಪಲ್ಲವಿಗೆ ತಾನೂ ದನಿ ಸೇರಿಸುತ್ತಿದ್ದ. ಒಂದು ಮಳೆಗಾಲದ ಕೊನೆಗೆ, ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ ರೋಸಿನ ಚಪ್ಪರದಲ್ಲಿ ನಾವು ಬಾರಿಸುತ್ತಿದ್ದೆವು. ನೆಲ ಒದ್ದೆಯಾಗಿತ್ತು. ಕ್ಲೆಟಸ್ ಬಾಗಿ ಮೈಕಿಗೆ ಬಾಯಿ ಕೊಟ್ಟ, ಅಲ್ಲಿಯೇ ನಿಂತ. ಎಡಗೈ ಬಾಸಿನ ಕುತ್ತಿಗೆಯನ್ನು ಹಿಡಿದದ್ದು ಬಿಡಲಿಲ್ಲ, ಕಣ್ಣು ಮೇಲೆ ಹೋಯಿತು. ಏನು ಭಾವ ತುಂಬಿ ಹಾಡುತ್ತಿದ್ದಾನೆ ಇವನು ಎಂದುಕೊಂಡು ನಾನು ತಾಳ ಇನ್ನಷ್ಟು ಜೋರು ಮಾಡಿದೆ. ಅಡುಗೆಯವನೊಬ್ಬ ದೊಡ್ಡ ಪಾತ್ರೆ ಹೊತ್ತು ಹೋಗುವಾಗ ವಯರಿಗೆ ಕಾಲು ಸಿಕ್ಕಿಸಿಕೊಂಡು ಬಿದ್ದ, ಪ್ಲಗ್ಗು ಕಳಚಿತು. ಕ್ಲೆಟಸ್ ನನ್ನ ಡ್ರಮ್ಮುಗಳ ಮೇಲೆ ಬಂದು ಬಿದ್ದ. ಅವನ ತುಟಿ ಸುಟ್ಟಿತ್ತು.

ಆಗಲೇ ನನಗೂ ಗೊತ್ತಾದದ್ದು. ತಂತಿಯೊಂದನ್ನೇ ಮುಟ್ಟಿದರೆ ಹೆಚ್ಚಾಗಿ ಏನೂ ಆಗುವುದಿಲ್ಲ. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ, ಎರಡೂ ಒಟ್ಟಿಗೆ ಬಂದರೆ ನಡುವೆ ಇರುವ ಮನುಷ್ಯನೇ ವಯರು. ಹೀಗಾಗಬಾರದು ಎಂದೇ ಪ್ಲಗ್ಗಿಗೆ ಮೂರನೆಯದೊಂದು ದಪ್ಪ ಪಿನ್ನು ಕೊಟ್ಟಿರುವುದು, ಜಾರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿನ ಪಿನ್ನು. ನಮ್ಮ ಕಡೆಯ ಬ್ಯಾಂಡಿನವರು ಮೊದಲು ಮಾಡುವ ಕೆಲಸವೇ ಅದನ್ನು ಮುರಿಯುವುದು. ಅದಿದ್ದರೆ ಸ್ಪೀಕರಿನಲ್ಲಿ ಗುಂಯ್ ಎಂದು ಸದ್ದು ಬರುತ್ತದೆ, ಮುರಿದರೆ ಸದ್ದು ನಿಲ್ಲುತ್ತದೆ. ಗುಂಯ್ ಎಂದರೆ ಮದುವೆ ಮನೆಯವರು ಬೈಯುತ್ತಾರೆ, ಪಿನ್ನು ಇದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ಅಂದಿನಿಂದ ಕ್ಲೆಟಸನ ಜೇಬಿನಲ್ಲಿ ಪೆನ್ನಿನ ಬದಲು ಟೆಸ್ಟರ್. ಹೋದ ಮನೆಯಲ್ಲೆಲ್ಲ ಚಹಾ ಕುಡಿಯುವ ಮೊದಲು ಅರ್ತಿನ ಗುಂಡಿ ಎಲ್ಲಿ ಉಂಟು ಎಂದು ಹುಡುಕುತ್ತಾನೆ, ಒಣಗಿದ್ದರೆ ನೀರು ಹೊಯ್ಯುತ್ತಾನೆ. ಹಾಡುವುದನ್ನು ಪೂರ್ತಿ ಬಿಟ್ಟ. ಬ್ಯಾಂಡಿನ ಯಜಮಾನ ಐವನ್, ಕೀಬೋರ್ಡು ಅವನದೇ, ಸೌಂಡ್ ಸೆಟ್ಟೂ ಅವನದೇ, "ಇವನೊಬ್ಬ ಕೆ.ಎಸ್.ಇ.ಬಿ.ಯ ಅಳಿಯ" ಎಂದು ಕರೆಂಟು ಇಲಾಖೆಯ ಹೆಸರು ಹಿಡಿದು ನಗಾಡುತ್ತಿದ್ದ. ನಾನೂ ನಗುತ್ತಿದ್ದೆ.

ಆದರೆ ನಿಜವಾದ ಹೆದರಿಕೆ ಶುರುವಾದದ್ದು ಅವನ ಮಗಳು ಆನ್ಸಿಲ್ಲಾ ಬ್ಯಾಂಡಿಗೆ ಸೇರಿದ ಮೇಲೆ. ಹುಡುಗಿ ಗಿಟಾರ್ ನುಡಿಸುತ್ತಾಳೆ, ಹಾಡುತ್ತಾಳೆ. ಅವಳ ದನಿ ಕೇಳಿದರೆ ಊಟದ ಸಾಲಿನಲ್ಲಿ ಇದ್ದವರೂ ತಟ್ಟೆ ಹಿಡಿದುಕೊಂಡೇ ತಿರುಗಿ ನೋಡುತ್ತಾರೆ. ಕೈಯಲ್ಲಿ ತಂತಿ, ಬಾಯಲ್ಲಿ ಮೈಕು. ಕ್ಲೆಟಸನಿಗೆ ಬೇರೆ ಏನೂ ಕಾಣುತ್ತಿರಲಿಲ್ಲ. ಬೇಡ ಎಂದು ಹೇಳಿ ನೋಡಿದ, ಅವಳು ಕೇಳಲಿಲ್ಲ. ಅವಳು ಹಾಡುವಷ್ಟು ಹೊತ್ತೂ ಅವನು ಬಾಸ್ ಬಾರಿಸುತ್ತಾ ಅವಳ ತುಟಿಯನ್ನೇ ನೋಡುತ್ತಿದ್ದ. ಪ್ರತಿ ಹಾಡು ಮುಗಿದಾಗಲೂ ಅವನು ಬೆವರು ಒರೆಸಿಕೊಳ್ಳುತ್ತಿದ್ದುದನ್ನು ನೋಡಿ ನನಗೆ ರೇಗುತ್ತಿತ್ತು. "ಡ್ಯಾಡಿ, ನೀವು ಹೀಗೆ ನೋಡಿದರೆ ನನಗೆ ಹಾಡ್ಲಿಕ್ಕೆ ಆಗುದಿಲ್ಲ" ಎಂದು ಅವಳೂ ರೇಗಿದ್ದಳು.

ಈ ಫೆಬ್ರವರಿಯಲ್ಲಿ ನೆಕ್ರಾಜೆಯ ಒಂದು ಮನೆಯಲ್ಲಿ ಮದರಂಗಿ ಕಾರ್ಯಕ್ರಮ ಇತ್ತು. ಮದುಮಗಳು ರಮ್ಯಶ್ರೀಗೆ ಬ್ಯಾಂಡು ಬೇಕೇ ಬೇಕು. ಅವಳ ದೊಡ್ಡಪ್ಪ ತಿರುಮಲೇಶ್ವರ ಭಟ್ಟರಿಗೆ ಬ್ಯಾಂಡು ಗೀಂಡು ಎಂದರೆ ಆಗದು, ಆದರೂ ಒಪ್ಪಿದ್ದರು. ಹಿಂದೊಮ್ಮೆ ಆ ಹುಡುಗಿಯ ನಿಶ್ಚಯವಾದ ಮದುವೆ ಮುರಿದುಹೋಗಿತ್ತಂತೆ. ಯಾರೋ ಮಾಟ ಮಾಡಿಸಿದ್ದಾರೆ ಎಂದು ಮನೆಯಲ್ಲಿ ಮಾತಿತ್ತಂತೆ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು.

ಬಿಸಿಲು ಇಳಿಯುವ ಮೊದಲೇ ನಾವು ಸಾಮಾನು ಜೋಡಿಸಿದೆವು. ಕರೆಂಟು ಬಾಡಿಗೆ ಜನರೇಟರಿನದು. ಕ್ಲೆಟಸ್ ಅದರ ಸುತ್ತ ತಿರುಗಿ ಬಂದ. ಅರ್ತಿನ ವಯರು ಎಲ್ಲಿಯೂ ಇಲ್ಲ. ಮಗಳ ಗಿಟಾರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ ತಂತಿಗೆ ಟೆಸ್ಟರ್ ಇಟ್ಟ. ಟೆಸ್ಟರಿನ ದೀಪ ಕೆಂಪಗೆ ಉರಿಯಿತು. ನನ್ನನ್ನು ಕರೆದು ತೋರಿಸಿದ. ನಗಲು ಹೊರಟವನು ಆ ಬೆಳಕು ನೋಡಿ ವ್ಯಾನಿನಿಂದ ಕಬ್ಬಿಣದ ಸಲಾಕೆ ಇಳಿಸಿದೆ.

ಆಂಪಿನ ಪ್ಲಗ್ಗು ಕಿತ್ತು ಹಾಕಿ, "ನಾನು ಅರ್ತ್ ಮಾಡಿ ಬರುವವರೆಗೆ ಇದನ್ನು ಹಾಕ್ಬೇಡ" ಎಂದು ಐವನನಿಗೆ ಹೇಳಿದ. ಐವನ್ ಫೋನಿನಲ್ಲಿ ಮಾತಾಡುತ್ತಲೇ ತಲೆಯಾಡಿಸಿದ. ಆನ್ಸಿಲ್ಲಾ ಒಳಗೆ ಮದುಮಗಳ ಕೋಣೆಯಲ್ಲಿ ಇದ್ದಳು.

ಅಂಗಳ ಪೂರ್ತಿ ಕೆಂಪುಕಲ್ಲು, ಕಬ್ಬಿಣದ ಸಲಾಕೆ ಒಂದು ಗೇಣೂ ಇಳಿಯಲಿಲ್ಲ. ಮನೆಯ ಹಿಂದೆ ಸ್ನಾನದ ನೀರು ಹೋಗುವಲ್ಲಿ ಮಣ್ಣು ಮೆತ್ತಗಿತ್ತು. ಕ್ಲೆಟಸ್ ಅಲ್ಲಿ ಮೊಣಕಾಲೂರಿ ಗುಂಡಿ ತೋಡಿದ. ನಾನು ವ್ಯಾನಿನಿಂದ ಉಪ್ಪು, ಇದ್ದಿಲಿನ ಚೀಲ ತಂದೆ. ಅವೆರಡನ್ನು ಹಾಕಿ ನೀರು ಹೊಯ್ದು ಸಲಾಕೆ ಊರಿದರೆ ಕರೆಂಟು ನೆಲಕ್ಕೆ ಇಳಿಯುತ್ತದೆ. ಉಪ್ಪು ಹಾಕುವಾಗ ಅವನು ಎಂದಿನಂತೆ ಕೊಂಕಣಿಯಲ್ಲಿ ಏನೋ ಪ್ರಾರ್ಥನೆ ಗುಣುಗುತ್ತಿದ್ದ.

ಅದು ಮನೆಯ ಕನ್ನಿಮೂಲೆ ಎಂದು ನಮಗಿಬ್ಬರಿಗೂ ಹೊಳೆಯಲಿಲ್ಲ. ನೈಋತ್ಯದ ಆ ಮೂಲೆಯಲ್ಲಿ ಮನೆಯ ಜೀವ ಇರುವುದು ಎಂದು ನಮ್ಮ ಕಡೆ ನಂಬುತ್ತಾರೆ. ಅಲ್ಲಿ ಒಂದು ಕಲ್ಲು ಕದಲಿಸುವುದಕ್ಕೂ ಜೋಯಿಸರನ್ನು ಕೇಳುತ್ತಾರೆ. ಮದುವೆಯ ಮುನ್ನಾದಿನ, ಪರಿಚಯ ಇಲ್ಲದ ಇಬ್ಬರು ಗಂಡಸರು ಅಲ್ಲಿ ಕೂತು ಉಪ್ಪು, ಇದ್ದಿಲು ಹುಗಿಯುತ್ತಾ ಏನೋ ಮಂತ್ರ ಹೇಳುತ್ತಿದ್ದಾರೆ. ಒಣಗಿದ ಬಟ್ಟೆ ತೆಗೆಯಲು ಬಂದ ಆ ಮನೆಯ ಅಜ್ಜಿಗೆ ಕಂಡದ್ದು ಇದು. ಅವರು ಕಿರುಚಿದ ಕಿರುಚಿಗೆ ನನ್ನ ಕೈಯಿಂದ ಚೀಲ ಬಿತ್ತು. ಸಲಾಕೆಗೆ ವಯರು ಕಟ್ಟುವುದು ಇನ್ನೂ ಬಾಕಿಯಿತ್ತು.

ಒಂದೇ ಉಸಿರಿಗೆ ಮನೆಯ ಗಂಡಸರೆಲ್ಲ ಹಿತ್ತಲಿಗೆ ಬಂದರು. ಒಬ್ಬ ನನ್ನ ಕಾಲರ್ ಹಿಡಿದ, ಇಬ್ಬರು ಕ್ಲೆಟಸನ ತೋಳು ತಿರುಚಿದರು. ಭಟ್ಟರ ಮುಖ ಬಿಳಚಿಕೊಂಡಿತ್ತು.

"ಯಾರು ಕಳಿಸಿದ್ದು ನಿಮ್ಮನ್ನು? ಮದುವೆ ಮುರೀಲಿಕ್ಕೆ ಎಂತ ಮಾಟ ಹುಗಿದದ್ದು ಇಲ್ಲಿ?"

"ಅರ್ತ್ ಭಟ್ರೇ, ಕರೆಂಟಿಗೆ ಅರ್ತ್" ಎಂದ ಕ್ಲೆಟಸ್. "ಸ್ಟೇಜಲ್ಲಿ ಶಾಕ್ ಉಂಟು, ನನ್ನ ಮಗಳು ಹಾಡ್ಲಿಕ್ಕೆ..."

ಜನರೇಟರಿನವನನ್ನು ಕರೆಸಿದರು. ಅವನು ಗುಂಡಿಗೆ ಬಗ್ಗಿ ನೋಡಿ, ತನ್ನ ಮೇಲೆ ಬರುವುದು ಬೇಡ ಎಂದುಕೊಂಡನೋ ಏನೋ, "ನನ್ನ ಮೆಷಿನಲ್ಲಿ ಎಂತ ತೊಂದರೆಯೂ ಇಲ್ಲ. ಉಪ್ಪು ಇದ್ದಿಲು ಹಾಕ್ಲಿಕ್ಕೆ ನಾನಂತೂ ಯಾರಿಗೂ ಹೇಳಿಲ್ಲ" ಎಂದು ಹೊರಟುಹೋದ. ನಾನು ಬಾಯಿ ತೆರೆದೆ, ಕಾಲರ್ ಹಿಡಿದವನು ಕೆನ್ನೆಗೆ ಕೊಟ್ಟ. ಆನ್ಸಿಲ್ಲಾಳಿಗೆ ಫೋನ್ ಮಾಡಲು ನೋಡಿದೆ, ಅದನ್ನೂ ಕಿತ್ತುಕೊಂಡರು. ಸ್ಟೇಜು ಹತ್ತುವಾಗ ಅವಳು ಫೋನು ಮುಟ್ಟುವವಳೂ ಅಲ್ಲ.

ಆಗ ಮನೆಯ ಮುಂದುಗಡೆಯಿಂದ ಗಿಟಾರಿನ ಸದ್ದು ಬಂತು. ಸ್ಪೀಕರಿನಲ್ಲಿ, ದೊಡ್ಡದಾಗಿ. ಐವನ್ ಪ್ಲಗ್ಗನ್ನು ಮತ್ತೆ ಹಾಕಿದ್ದ.

ಆನ್ಸಿಲ್ಲಾಳ ಮೊದಲ ಹಾಡಿಗೆ ಡ್ರಮ್ಸೂ ಬೇಡ, ಬಾಸೂ ಬೇಡ. ಒಬ್ಬಳೇ ನಿಂತು ಉದ್ದಕ್ಕೆ ಗಿಟಾರ್ ನುಡಿಸುತ್ತಾಳೆ. ಜನ ಮಾತು ನಿಲ್ಲಿಸಿದ ಮೇಲೆ ಮೈಕಿನ ಹತ್ತಿರ ಬಂದು ಬಾಯಿ ತೆರೆಯುತ್ತಾಳೆ. ಅದು ಅವಳ ಕ್ರಮ, ಜನರಿಗೆ ಅದು ಇಷ್ಟ. ಇಷ್ಟು ವರ್ಷ ಈ ಮನುಷ್ಯ ಹೊತ್ತುಕೊಂಡು ತಿರುಗಿದ ಹೆದರಿಕೆ ಎಂಥದ್ದು ಎಂದು ನನಗೆ ಆಗ ಗೊತ್ತಾಯಿತು. ಆ ಗಿಟಾರಿನ ಒಂದೊಂದು ಸ್ವರವೂ ನನಗೆ ಬಾಯಿಪಾಠ, ಹಾಡು ಶುರುವಾಗಲು ಎಷ್ಟು ಉಳಿದಿದೆ ಎಂದು ಕಾಲು ತಾನಾಗಿಯೇ ಲೆಕ್ಕ ಹಾಕುತ್ತಿತ್ತು.

"ಬಿಡಿ ನನ್ನನ್ನು! ಮಗಳು ಸಾಯ್ತಾಳೆ!" ಎಂದು ಕ್ಲೆಟಸ್ ಎಳೆದಾಡಿದ. ಅವರು ಇನ್ನಷ್ಟು ಬಿಗಿಯಾಗಿ ಹಿಡಿದರು. "ಇವನನ್ನು ಪೊಲೀಸಿಗೆ ಕೊಡುವ" ಎಂದ ಒಬ್ಬ. "ಅಲ್ಲಿಯವರೆಗೆ ಕಾರ್ಯಕ್ರಮ ನಿಲ್ಲಿಸುದು ಬೇಡ, ನೆಂಟರಿಗೆ ಗೊತ್ತಾಗುದು ಬೇಡ" ಎಂದರು ಭಟ್ಟರು.

ಮುಂದೆ ಗಿಟಾರ್ ನಿಧಾನವಾಯಿತು. ಇನ್ನು ಒಂದು ಸುತ್ತು, ಅಷ್ಟೆ.

ಕ್ಲೆಟಸ್ ಎಳೆದಾಡುವುದನ್ನು ನಿಲ್ಲಿಸಿದ. ಭಟ್ಟರನ್ನು ನೆಟ್ಟಗೆ ನೋಡಿದ. ಅವನು ಯಾರನ್ನಾದರೂ ಹಾಗೆ ನೋಡಿದ್ದನ್ನು ನಾನು ಕಂಡೇ ಇರಲಿಲ್ಲ.

"ಹೌದು, ಮಾಟವೇ" ಎಂದ. "ಕರೆಂಟಿಗೆ ಸೇರಿಸಿ ಕಟ್ಟಿದ್ದೇನೆ. ಈ ಹಾಡಿನ ಮೊದಲ ಮಾತು ಹೊರಗೆ ಬಂದರೆ ಮದುವೆ ಮುರಿಯಿತು. ಬೇಡ ಅಂತಾದರೆ ಜನರೇಟರ್ ನಿಲ್ಲಿಸಿ. ಈಗಲೇ ನಿಲ್ಲಿಸಿ!"

ಅಜ್ಜಿ ಎದೆಗೆ ಕೈಯಿಟ್ಟುಕೊಂಡರು. ಭಟ್ಟರು ಪಂಚೆ ಎತ್ತಿ ಕಟ್ಟಿಕೊಂಡು ಓಡಿದರು. ಆ ವಯಸ್ಸಿನಲ್ಲಿ ಅಷ್ಟು ವೇಗ ಎಲ್ಲಿಂದ ಬಂತೋ. ಗಿಟಾರ್ ಒಂದು ಕ್ಷಣ ತಡೆದು ನಿಂತಿತು, ಅವಳು ಉಸಿರು ಎಳೆದುಕೊಳ್ಳುವ ಜಾಗ ಅದು. ಜನರೇಟರ್ ಕೆಮ್ಮಿ ನಿಂತಿತು. ದೀಪಗಳೆಲ್ಲ ಆರಿದವು. ಚಪ್ಪರದಲ್ಲಿ ಜನ ಹೋ ಎಂದರು.

ನಾನು ಕಿವಿಗೊಟ್ಟು ನಿಂತೆ. ಕಿರುಚು, ಬಿದ್ದ ಸದ್ದು, ಏನಾದರೂ ಬರುತ್ತದೆಯೋ ಎಂದು. "ಎಂತ ಆಯ್ತು ಕರೆಂಟಿಗೆ?" ಎಂದು ಆನ್ಸಿಲ್ಲಾ ಕೇಳುವುದು ಕೇಳಿಸಿತು. ಕಾಲರ್ ಹಿಡಿದವನ ಕೈ ಬಿಡಿಸಿಕೊಂಡು ಅಲ್ಲೇ ನೆಲದ ಮೇಲೆ ಕೂತೆ.

ಹಿತ್ತಲಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು. ಗಲಾಟೆ ಕೇಳಿ ಚಪ್ಪರದಲ್ಲಿದ್ದವರೆಲ್ಲ, ಭಟ್ಟರೂ, ಹಿಂದಕ್ಕೆ ಬಂದರು. ಆನ್ಸಿಲ್ಲಾ ಗಿಟಾರನ್ನು ಕುತ್ತಿಗೆಗೆ ಹಾಕಿಕೊಂಡೇ ಬಂದಳು, ಕಿತ್ತ ವಯರು ಕೈಯಲ್ಲಿ ಜೋತಾಡುತ್ತಿತ್ತು. ಅವಳ ಹಿಂದೆ ಐವನ್. ಕ್ಲೆಟಸ್ ಕೆಸರಿನಲ್ಲಿ ಮೊಣಕಾಲೂರಿ ಇದ್ದ. ಅವನ ಅಂಗಿ ಹರಿದಿತ್ತು, ಸುತ್ತಲೂ ಜನ "ಮಾಟಗಾರ" ಎಂದು ಉಗುಳುತ್ತಿದ್ದರು. ರಮ್ಯಶ್ರೀ ಮದರಂಗಿಯ ಕೈ ದೂರ ಹಿಡಿದುಕೊಂಡು ಅಳುತ್ತಿದ್ದಳು.

"ಅಯ್ಯೋ ಭಟ್ರೇ, ಇವನಿಗೆ ಮಾಟವೂ ಗೊತ್ತಿಲ್ಲ ಮಣ್ಣೂ ಗೊತ್ತಿಲ್ಲ" ಎಂದ ಐವನ್. "ಕರೆಂಟಿನ ಹೆದರಿಕೆ ಮಾರಾಯ್ರೆ, ತಲೆ ಸರಿ ಇಲ್ಲ. ನೀವು ಜನರೇಟರ್ ಹಾಕಿಸಿ, ಹುಡುಗಿ ಹಾಡಲಿ. ಒಂದು ಹಾಡಾಗುವಾಗ ಎಲ್ಲ ಮರೆತುಹೋಗ್ತದೆ."

ಭಟ್ಟರು ಅನುಮಾನದಲ್ಲಿ ಬಿದ್ದರು. ಸುಳ್ಳಾಗಿರಲಿ ಎಂದು ಅವರಿಗೂ ಆಸೆ. ಅವರು ಆನ್ಸಿಲ್ಲಾಳ ಕಡೆ ತಿರುಗಿದರು.

"ಮಗೂ, ನಿನ್ನ ಅಪ್ಪ ಅಲ್ವಾ? ನೀನೇ ಕೇಳು. ಇಲ್ಲ ಅಂತ ನಿನ್ನ ಎದುರು ಹೇಳಿದರೆ ಜನರೇಟರ್ ಹಾಕಿಸ್ತೇನೆ."

ಆನ್ಸಿಲ್ಲಾಳ ಮುಖ ಉರಿಯುತ್ತಿತ್ತು. "ಡ್ಯಾಡಿ, ಹೇಳಿ. ಹೀಗೆಲ್ಲ ನೀವು ಮಾಡಿದ್ದೀರಾ?"

ಅವನು ಹುಗಿದದ್ದು ಅರ್ತ್ ಮಾತ್ರ ಎಂದು ನಾನು ಹೇಳಬಹುದಿತ್ತು. ಹೇಳಿದರೆ ಐವನ್ ನಗುತ್ತಾನೆ, ಭಟ್ಟರಿಗೆ ಸಮಾಧಾನವಾಗುತ್ತದೆ, ದೀಪ ಉರಿಯುತ್ತದೆ, ಅಪ್ಪನ ಶಾಕಿನ ಮಾತು ಕೇಳಿ ಸಾಕಾಗಿದ್ದ ಅವಳು ಹಟಕ್ಕಾದರೂ ಹೋಗಿ ಮೈಕಿಗೆ ಬಾಯಿ ಕೊಡುತ್ತಾಳೆ. ಬಾಯಿ ಮುಚ್ಚಿಕೊಂಡೆ.

ಕ್ಲೆಟಸ್ ಅವಳ ಮುಖ ನೋಡಲಿಲ್ಲ. ಗಿಟಾರಿನ ತಂತಿಗಳ ಮೇಲೆ ಇದ್ದ ಅವಳ ಕೈಯನ್ನೇ ನೋಡುತ್ತಿದ್ದ.

"ಹೌದು ಮಗಾ, ಮಾಡಿದ್ದೇನೆ."

ಅವಳು ಗಿಟಾರನ್ನು ಕುತ್ತಿಗೆಯಿಂದ ತೆಗೆದು ನನ್ನ ತೊಡೆಯ ಮೇಲೆ ಇಟ್ಟು, ಅಪ್ಪನನ್ನು ದಾಟಿ, ಜನರ ನಡುವೆ ದಾರಿ ಮಾಡಿಕೊಂಡು ಗೇಟಿನತ್ತ ಹೋದಳು. ಅವಳು ರಸ್ತೆ ತಲುಪುವವರೆಗೂ ಕ್ಲೆಟಸ್ ಅವಳ ಖಾಲಿ ಕೈಗಳನ್ನು ನೋಡುತ್ತಲೇ ಇದ್ದ. ಆಮೇಲೆ ಕೆಸರಾದ ಕೈಗಳನ್ನು ಭಟ್ಟರಿಗೆ ಮುಗಿದ.

"ಇನ್ನು ಲೈಟ್ ಹಾಕಬಹುದು" ಎಂದ.