ದೇವಡಿಯಲ್ಲಿ ಎರಡು ಕೋಣೆ

ಹೋಟೆಲಿನ ಕೋಣೆಯೊಂದನ್ನು ಪರೀಕ್ಷಿಸಲು ನನಗೆ ಇಪ್ಪತ್ತು ನಿಮಿಷ ಸಾಕು. ಮೊದಲು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಾಡುತ್ತೇನೆ. ನೆಲ ಒರೆಸಿದ್ದು ಇವತ್ತೋ ನಿನ್ನೆಯೋ ಎಂಬುದನ್ನು ಅಂಗಾಲೇ ಹೇಳುತ್ತದೆ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಬಿಸಿನೀರು ಬರುವತನಕ ಒಂದು, ಎರಡು ಎಂದು ಎಣಿಸುತ್ತೇನೆ. ದಿಂಬು ಮೂಸಿ ನೋಡುತ್ತೇನೆ. ಕೊನೆಗೆ ಪರದೆ ಎಳೆದು, ದೀಪ ಆರಿಸಿ, ಹಾಸಿಗೆಯ ಮೇಲೆ ಅಂಗಾತ ಮಲಗಿ ಐದು ನಿಮಿಷ ಸುಮ್ಮನೆ ಕಿವಿಗೊಡುತ್ತೇನೆ. ಲಿಫ್ಟಿನ ಸದ್ದು, ಪಕ್ಕದ ಕೋಣೆಯವರ ಕೆಮ್ಮು, ಅಡುಗೆಮನೆಯ ಪಾತ್ರೆಗಳ ಗದ್ದಲ ಎಲ್ಲವೂ ಆ ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತವೆ. ಅಷ್ಟು ಹೊತ್ತು ಹೋಟೆಲಿನ ಮ್ಯಾನೇಜರು ಬಾಗಿಲ ಹೊರಗೆ ನಿಂತು ಬೆವರುತ್ತಿರುತ್ತಾನೆ. ಬೆವರಲಿ, ನನಗೇನು.

ಹೈದರಾಬಾದಿನ ಅಂಚಿನ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ ಅದು. ಮಣಿಕೊಂಡದ ಆಚೆಗಿದ್ದ ಒಂದು ಸಾಫ್ಟ್‌ವೇರ್ ಕಂಪನಿಯ ಟ್ರಾವೆಲ್ ಡೆಸ್ಕಿನಲ್ಲಿ ನನಗೆ ಕೆಲಸ. ಹೊರದೇಶದಿಂದ ಬರುವ ಕಂಪನಿಯ ಅತಿಥಿಗಳಿಗೆ ಕಾರು, ಹೋಟೆಲು ಗೊತ್ತು ಮಾಡುವುದು. ಅತಿಥಿಗಳನ್ನು ಹೇಗೆ ನೋಡಿಕೊಳ್ಳಬೇಕೆಂಬ ನಿಯಮಗಳನ್ನು ಬರೆದವಳೂ ನಾನೇ. ಅದರಲ್ಲಿ ಮೊದಲನೆಯದು: ಯಾರಿಗೂ ಅಡ್ಜಸ್ಟ್ ಮಾಡಿಕೊಳ್ಳಿ ಎನ್ನಬಾರದು, ಇಬ್ಬರು ಬಂದರೆ ಎರಡು ಕೋಣೆ. ಒಬ್ಬ ಮುದುಕ ಅತಿಥಿ ಊರಿಗೆ ಮರಳಿದ ಮೇಲೆ, ನಿಮ್ಮ ಟ್ರಾವೆಲ್ ಡೆಸ್ಕಿನ ಹೆಂಗಸಿಗೆ ತಿಳಿಸಿ, ನಾನು ನಮ್ಮ ಮನೆಯಲ್ಲಿ ಮಲಗಿದಂತೆ ಮಲಗಿದೆ ಎಂದು ಬರೆದಿದ್ದ. ಆ ಕಾಗದವನ್ನು ಮೇಜಿನ ಎದುರಿಗೆ ಪಿನ್ನು ಚುಚ್ಚಿ ತೂಗುಹಾಕಿದ್ದೆ. ಅಷ್ಟು ಜಂಬ ನನಗೆ.

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಆ ಮಾತು ನನ್ನ ಪಾಲಿಗೆ ಹೇಗೆ ನಿಜವಾಯಿತೆಂದು ಹೇಳಬೇಕು.

ನಮ್ಮವರು ಇಲ್ಲಿನ ರಕ್ಷಣಾ ಕಾರ್ಖಾನೆಯೊಂದರಲ್ಲಿದ್ದರು. ಮಗಳಿಗೆ ಆರು ತುಂಬುವ ಮೊದಲೇ ಒಂದು ಜ್ವರದ ನೆಪದಲ್ಲಿ ಹೋಗಿಬಿಟ್ಟರು. ಕ್ವಾರ್ಟರ್ಸ್ ಬಿಡಬೇಕಾಯಿತು. ನನಗೆ ಸಿಕ್ಕ ಕೆಲಸ ಹೊತ್ತುಗೊತ್ತಿಲ್ಲದ್ದು. ವಿಮಾನ ಇಳಿದಾಗ ನಾನು ಎದ್ದಿರಬೇಕು. ಮಗಳನ್ನು ರಾಯಚೂರಿಗೆ, ಅಕ್ಕನ ಮನೆಗೆ ಬಿಟ್ಟೆ. ಅಕ್ಕನಿಗೆ ಮಕ್ಕಳಿರಲಿಲ್ಲ. ಒಂದು ವರ್ಷಕ್ಕೆಂದು ಬಿಟ್ಟದ್ದು ಹತ್ತು ವರ್ಷವಾಯಿತು. ತಿಂಗಳಿಗೊಂದು ಭಾನುವಾರ ಬೆಳಗಿನ ಗಾಡಿಗೆ ಹೋಗಿ ಸಂಜೆಯ ಗಾಡಿಗೆ ಬಂದುಬಿಡುತ್ತಿದ್ದೆ. ಊಟ, ಹೋಂವರ್ಕು, ಒಂದು ಜಡೆ ಹೆಣೆಯುವಷ್ಟು ಹೊತ್ತು, ಅಷ್ಟೇ.

ನಾನಿದ್ದದ್ದು ನಾರಾಯಣಗೂಡದ ಹಳೇ ಮನೆಯೊಂದರ ಎರಡನೇ ಮಹಡಿಯ ಕೋಣೆಯಲ್ಲಿ. ಒಬ್ಬರು ಮಲಗುವ ಕಬ್ಬಿಣದ ಮಂಚ, ಮೂಲೆಯಲ್ಲಿ ಒಲೆ, ಗೋಡೆಗೊಂದು ಗೂಟ. ಬಚ್ಚಲು ಅದೇ ಮಹಡಿಯಲ್ಲಿದ್ದ ಕೋಚಿಂಗಿನ ಹುಡುಗಿಯರಿಗೂ ನನಗೂ ಒಂದೇ. ಬೆಳಿಗ್ಗೆ ಬಕೆಟ್ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಆ ಹುಡುಗಿಯರ ಜೊತೆ ತೆಲುಗು, ಆಫೀಸಿನಲ್ಲಿ ಇಂಗ್ಲಿಷು, ಆಟೋದವನ ಜೊತೆ ಹಿಂದಿ. ಕನ್ನಡವೆಂದರೆ ಮಣಿಕೊಂಡದ ಬಸ್ ಸ್ಟಾಪಿನ ಪಕ್ಕದಲ್ಲಿ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯ ಹೆಂಗಸರು ಮಾತಾಡಿಕೊಳ್ಳುವಾಗ ಕಿವಿಗೆ ಬಿದ್ದಷ್ಟೇ. ಒಮ್ಮೆ ಒಬ್ಬಾಕೆ ಕೂಸನ್ನು ಸೀರೆಯ ಜೋಳಿಗೆಯಲ್ಲಿ ತೂಗುತ್ತ, "ಯಾವೂರ್ರಿ ಅಕ್ಕಾರ? ಮಕ್ಕಳು ಎಲ್ಲಿ ಅದಾರ್ರಿ?" ಎಂದು ಕೇಳಿದಳು. ಊರಲ್ಲಿ ಎಂದೆ. "ಅಯ್ಯ, ಬಿಟ್ಟು ಹೆಂಗ ಇರ್ತೀರ್ರಿ?" ಎಂದಳು. ತಗಡಿನ ಶೆಡ್ಡಿನಲ್ಲಿ ಮೂರು ಮಕ್ಕಳ ಜೊತೆ ಮಲಗುವ ಹೆಂಗಸು. ಬಸ್ಸು ಬಂತು, ಬದುಕಿದೆ.

ಮಗಳ ಹತ್ತನೇ ತರಗತಿ ಮುಗಿಯಿತು. ಮುಂದಿನ ಓದು ರಾಯಚೂರಿನಲ್ಲೋ, ನಾರಾಯಣಗೂಡದ ಕಾಲೇಜೊಂದರಲ್ಲೋ? ಅಕ್ಕ ಫೋನಿನಲ್ಲಿ ನ್ಯಾಯವಾಗಿಯೇ ಹೇಳಿದಳು: "ನಾನೂ ಹೇಳಾಂಗಿಲ್ಲ, ನೀನೂ ಹೇಳಬ್ಯಾಡ. ಹುಡುಗಿ ಎರಡು ದಿನ ನಿನ್ನ ಕೂಡ ಇದ್ದು ಬರಲಿ. ಆಮ್ಯಾಲ ಎಲ್ಲಿ ಇರ್ತೀನಿ ಅಂತ ಅಕೀನ ಹೇಳ್ತಾಳ."

ಫೋನು ಇಟ್ಟು ನನ್ನ ಕೋಣೆಯನ್ನೊಮ್ಮೆ ನೋಡಿದೆ. ಆ ಬಚ್ಚಲು, ಆ ಮಂಚ, ಒಣಗಲು ಹಾಕಿದ ಒಳಬಟ್ಟೆಗಳ ಕೆಳಗೆ ತಲೆ ಬಗ್ಗಿಸಿ ಹಾಯಬೇಕಾದ ಮೊಗಸಾಲೆ. ಇದನ್ನು ನೋಡಿದರೆ ಹುಡುಗಿ ಅದೇ ಗಾಡಿಗೆ ವಾಪಸು ಹೋಗುತ್ತಾಳೆ ಅನ್ನಿಸಿತು. ಈ ಶಹರದ ಹೋಟೆಲುಗಳಲ್ಲೆಲ್ಲ, ಮೇಡಂ ಒಮ್ಮೆಯಾದರೂ ನಮ್ಮಲ್ಲಿ ಇದ್ದು ನೋಡಿ ಎಂದು ನನ್ನಂಥವರಿಗೆ ಪುಕ್ಕಟೆ ಕೋಣೆ ಕೊಡುವ ಪದ್ಧತಿಯಿತ್ತು. ಹತ್ತು ವರ್ಷ ನಾನು ಅದನ್ನು ಮುಟ್ಟಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ನೆನಪಿದ್ದರೂ ಕಾಲು ಚಾಚಿದೆ.

ಆಯ್ಕೆಗೆ ಕೂತೆ. ಮೊದಲನೆಯದು ಬೇಗಂಪೇಟೆಯದು, ಕಿಟಕಿಯಿಂದ ವಿಮಾನಗಳು ಇಳಿಯುವುದು ಕಾಣುತ್ತಿತ್ತು. ಹುಡುಗಿ ಹಿಗ್ಗುತ್ತಾಳೆ ಅಂದುಕೊಂಡೆ, ಆದರೆ ಮಲಗಿ ಕಿವಿಗೊಟ್ಟರೆ ಮಂಚವೇ ನಡುಗಿತು. ಎರಡನೆಯದು ಗುಡ್ಡದ ಮೇಲಿನ ಹೊಸದು, ಈಜುಕೊಳ, ಗಾಜು, ತಣ್ಣನೆ ಗಾಳಿ. ಅಲ್ಲಿನ ಬಾಗಿಲು ಕಾಯುವವನು ಬಂದವರ ಕಾಲಿನ ಚಪ್ಪಲಿ ನೋಡಿ ಆಮೇಲೆ ಮುಖ ನೋಡುತ್ತಾನೆ. ನನ್ನ ಮಗಳ ಚಪ್ಪಲಿಯನ್ನು ಅವನು ನೋಡುವುದು ನನಗೆ ಬೇಕಿರಲಿಲ್ಲ. ಮೂರನೆಯದು ಹಳೇ ಶಹರದ ಒಂದು ದೇವಡಿ. ಹಿಂದೆ ಯಾರೋ ನವಾಬರ ಕಡೆಯವರ ವಾಡೆಯಾಗಿದ್ದದ್ದು. ಈಗ ಹನ್ನೆರಡೇ ಕೋಣೆಗಳ ಹೋಟೆಲು. ನಡುವೆ ಅಂಗಳ, ಕಾರಂಜಿ, ಒಂದು ಬೇವಿನ ಮರ, ಬಾಗಿಲುಗಳ ಮೇಲೆ ಬಣ್ಣದ ಗಾಜು. ಬೆಳಗಿನ ಬಿಸಿಲು ಆ ಗಾಜಿನಿಂದ ನೆಲಕ್ಕೆ ಬಿದ್ದಿದ್ದನ್ನು ನೋಡಿ ಇದೇ ಸರಿ ಎಂದು ತೀರ್ಮಾನಿಸಿದೆ.

ಮೂರು ಸಲ ಹೋಗಿ ಬಂದೆ. ಬಿಸಿನೀರು ತಡವಾಯಿತೆಂದು ಕೋಣೆ ಬದಲಿಸಿದೆ. ಹತ್ತಿಯ ದಿಂಬು ಹಾಕಿಸಿದೆ. ಬೆಳಗಿನ ತಿಂಡಿಗೆ ಜೋಳದ ರೊಟ್ಟಿ ಬೇಕೆಂದು ಅಡುಗೆಯವರಿಗೆ ಎರಡೆರಡು ಬಾರಿ ಹೇಳಿದೆ. ಬುಕಿಂಗ್ ಹಾಳೆ ತುಂಬುವಾಗ ಕೈ ತನ್ನ ಪಾಡಿಗೆ ತಾನು ಬರೆಯಿತು: ಇಬ್ಬರು, ಎರಡು ಕೋಣೆ, ಅಕ್ಕಪಕ್ಕ. ಒಂದು ಕ್ಷಣವೂ ತಡವರಿಸಲಿಲ್ಲ.

ಶನಿವಾರ ಬೆಳಿಗ್ಗೆ ಬೇಗಂಪೇಟೆ ಸ್ಟೇಶನ್ನಿನಲ್ಲಿ ಇಳಿದಳು. ನನಗಿಂತ ಎತ್ತರವಾಗಿದ್ದಳು. ಅಕ್ಕ ಕಟ್ಟಿದ ಚಟ್ನಿಪುಡಿ, ಶೇಂಗಾದ ಹೋಳಿಗೆಯ ಚೀಲ ಕೈಯಲ್ಲಿ. ಕಾರಿನಲ್ಲಿ ತಣ್ಣೀರಿನ ಬಾಟಲಿ, ಒದ್ದೆ ಟವಲು ಇಡಿಸಿದ್ದೆ. ಟವಲನ್ನು ಏನು ಮಾಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ದೇವಡಿಯ ಬಾಗಿಲಲ್ಲಿ ಅವಳ ಕೊರಳಿಗೆ ಹಾರ ಹಾಕಿದರು, ಶರಬತ್ತು ಕೊಟ್ಟರು. ಕೋಣೆಯಲ್ಲಿ ಹಣ್ಣಿನ ಬುಟ್ಟಿ, ಅದರ ಮೇಲೊಂದು ಚೀಟಿ: ಪ್ರಿಯ ಅತಿಥಿಗೆ ಸ್ವಾಗತ. ಎಲ್ಲ ನಾನು ಇತರರಿಗೆ ಮಾಡಿಸುತ್ತಿದ್ದ ಏರ್ಪಾಡೇ. "ಭಾಳ ಛಂದ ಐತವ್ವ" ಎಂದಳು. ಚೀಟಿಯನ್ನು ಎರಡು ಸಲ ಓದಿದಳು. "ಮತ್ತ ನೀ?" ಎಂದು ಕೇಳಿದಳು. ಪಕ್ಕದ ಬಾಗಿಲು ತೋರಿಸಿದೆ. "ಹೌದಾ" ಅಂದಳು.

ಆ ಸಂಜೆ ಚಾರ್‌ಮಿನಾರಿನ ಬುಡದಲ್ಲಿ ಬಳೆ ತೊಡಿಸಿದೆ. ಬಳೆಗಾರನ ಮುಂದೆ ಕೈ ಚಾಚಿ ಕೂತಾಗ ಅವಳ ಇನ್ನೊಂದು ಕೈ ನನ್ನ ಮೊಣಕಾಲ ಮೇಲಿತ್ತು. ಆ ಭಾರ ಇವತ್ತಿಗೂ ಅಲ್ಲಿದೆ. ಊಟ ಮುಗಿಸಿ ಬಂದು ಮೊಗಸಾಲೆಯಲ್ಲಿ ನಿಂತೆವು. ಅವಳು ಏನೋ ಹೇಳುವವಳಂತೆ ಬಾಗಿಲು ಹಿಡಿದು ನಿಂತಿದ್ದಳು. ನಾನು, ದಣಿದಿದ್ದಾಳೆ, ಕಾಡಬಾರದು ಎಂದುಕೊಂಡು, "ಏನ್ ಬೇಕಾದ್ರೂ ಫೋನ್‌ನಾಗ ಒಂಬತ್ತು ಒತ್ತು, ಅವರು ಬರ್ತಾರ" ಎಂದೆ. ಹೆತ್ತ ಮಗಳಿಗೆ ಹೇಳಿದ ಮಾತು ಅದು.

ಬೆಳಿಗ್ಗೆ ಅಂಗಳದ ಮೇಜಿನಲ್ಲಿ ಎದುರುಬದುರು ಕೂತೆವು. ಜೋಳದ ರೊಟ್ಟಿ ಬಂತು. ಅವಳಿಗೆ ನಗು ಬಂತು. "ದಿನಾ ಇದನ್ನ ತಿಂತೀನವ್ವ. ಇಲ್ಲಿ ಇರಾನಿ ಚಾ ಭಾಳ ಛಲೋ ಇರ್ತೈತಂತ, ಅದನ್ನ ಕುಡಿಬೇಕಂತ ಬಂದಿದ್ದೆ." ನಾನೂ ನಕ್ಕೆ. ನಿದ್ದೆ ಬಂತೇ ಎಂದು ಕೇಳಿದೆ. ಹೂಂ ಅಂದಳು. ಆಮೇಲೆ ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಹೇಳಿದಳು: "ದೊಡ್ಡವ್ವ ಹೇಳಿ ಕಳಿಸಿದ್ಳು, ನಿಮ್ಮವ್ವ ನಿದ್ದ್ಯಾಗ ಒದೀತಾಳ, ನೀ ಗ್ವಾಡಿ ಕಡೆ ಮಲಕೋ ಅಂತ."

"ನೋಡು ಮತ್ತ, ಅದಕ್ಕ ಎರಡು ಕೋಣಿ ಹಿಡಿದದ್ದು" ಎಂದು ಜೋರಾಗಿ ನಕ್ಕೆ. ಇಷ್ಟು ಮಂದಿಯ ಮನಸ್ಸು ಓದಿ ಹೋಟೆಲು ಹುಡುಕಿದವಳಿಗೆ ಎದುರಿಗಿದ್ದ ಮುಖ ಓದಲು ಬರಲಿಲ್ಲ.

ಮಧ್ಯಾಹ್ನದ ಗಾಡಿಗೆ ಮುಂಚೆ ಇರಾನಿ ಚಹಾ ಕುಡಿಸಿದೆ. ಸ್ಟೇಶನ್ನಿಗೆ ಬಂದಾಗ ಗಾಡಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಅವಳು ಬಳೆಗಳನ್ನು ಹಿಂದೆ ಮುಂದೆ ಸರಿಸುತ್ತಿದ್ದಳು.

"ಅವ್ವಾ, ನಿನ್ನ ಮನಿ ಇಲ್ಲಿಂದ ಭಾಳ ದೂರ ಏನು?"

"ಇಲ್ಲ. ಆಟೋದಾಗ ಅರ್ಧ ತಾಸು."

"ಮತ್ತ ಯಾಕ ಕರಕೊಂಡು ಹೋಗಲಿಲ್ಲ?"

"ಸಣ್ಣದವ್ವ ಅದು. ಒಂದ ಮಂಚ. ಬಚ್ಚಲ ಸುದ್ದಾ ನಾಕು ಮಂದಿಗೆ ಒಂದ. ನಿನಗ ತ್ರಾಸ ಆಗ್ತಿತ್ತು."

"ನಾ ಏನು ನಿಮ್ಮ ಕಂಪನಿಗೆ ಬಂದಾಕಿ ಏನು?" ಸಿಟ್ಟಿರಲಿಲ್ಲ ದನಿಯಲ್ಲಿ. ಸಿಟ್ಟಿದ್ದರೆ ನಾನೂ ರೇಗಿ ಬಚಾವಾಗುತ್ತಿದ್ದೆ. "ನೀ ಎಲ್ಲಿ ಮಲಕೋತಿ ಅಂತ ನೋಡಾಕ ಬಂದಿದ್ದೆನವ್ವ ನಾ."

ಎದ್ದು ನಿಂತೆ. ನಡಿ, ಈಗಲೇ ಹೋಗೋಣ, ನಾಳೆಯ ಗಾಡಿಗೆ ಹೋದರಾಯಿತು, ನಾನು ರಜೆ ಹಾಕುತ್ತೇನೆ, ನಡಿ ಎಂದೆ. ಅವಳ ಚೀಲ ಕೈಗೆ ತೆಗೆದುಕೊಂಡೆ. ಅವಳು ಮೆಲ್ಲಗೆ ಅದನ್ನು ವಾಪಸು ತೆಗೆದುಕೊಂಡಳು. "ಬ್ಯಾಡ ಬಿಡವ್ವ. ದೊಡ್ಡವ್ವ ಸ್ಟೇಶನ್ನಿಗೆ ಬಂದು ಕಾಯ್ತಿರ್ತಾಳ."

ಗಾಡಿ ಬಂತು. ಕಿಟಕಿಯ ಸರಳಿನ ಹಿಂದೆ ಕೂತು, ನನ್ನ ಬೆರಳು ಹಿಡಿದು, ನನಗೆ ನೋವಾಗದಂತೆ ಹೇಳಿದಳು: "ನಾ ಅಲ್ಲೇ ಓದ್ತೀನವ್ವ. ನಿನಗೂ ಕೆಲಸ ಭಾಳ ಇರ್ತೈತಿ." ಹೂಂ ಎಂದೆ. ಬೆರಳು ತಾನಾಗಿ ಬಿಟ್ಟುಹೋಯಿತು.

ಆಟೋ ಹಿಡಿದು ನಾರಾಯಣಗೂಡಕ್ಕೆ ಬಂದೆ. ನಿಜಕ್ಕೂ ಅರ್ಧ ತಾಸೇ. ಸಂಜೆಯ ಬಿಸಿಲು ಇನ್ನೂ ಇತ್ತು. ಬಾಗಿಲು ತೆಗೆದು ಚಪ್ಪಲಿ ಬಿಟ್ಟೆ. ಬರಿಗಾಲಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದೆ, ಏಳು ಹೆಜ್ಜೆ. ದಿಂಬು ಮೂಸಿದೆ, ನನ್ನದೇ ಎಣ್ಣೆಯ ವಾಸನೆ. ಕಿಟಕಿ ಮುಚ್ಚಿ ಮಂಚದ ಮೇಲೆ ಅಂಗಾತ ಮಲಗಿ ಐದು ನಿಮಿಷ ಕಿವಿಗೊಟ್ಟೆ. ಪಕ್ಕದ ಕೋಣೆಯಲ್ಲಿ ಕೋಚಿಂಗಿನ ಹುಡುಗಿಯರು ಗಟ್ಟಿಯಾಗಿ ಪಾಠ ಒಪ್ಪಿಸುತ್ತಿದ್ದರು. ಎಲ್ಲರೂ ಅವಳ ವಯಸ್ಸಿನವರೇ. ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.

ಆಮೇಲೆ ಎದ್ದು, ಚೀಲದಿಂದ ಹೋಟೆಲುಗಳ ಬಗ್ಗೆ ಗುರುತು ಹಾಕಿಕೊಳ್ಳುವ ಪುಸ್ತಕ ತೆಗೆದು, ದೇವಡಿಯ ಹಾಳೆಯ ಮುಂದಿನ ಖಾಲಿ ಹಾಳೆಯಲ್ಲಿ ಬರೆದೆ: ನಾರಾಯಣಗೂಡ, ಎರಡನೇ ಮಹಡಿ. ಒಂದೇ ಮಂಚ. ಗೋಡೆಯ ಕಡೆ ಒಬ್ಬರು ಮಲಗಬಹುದು.