ಎರಡನೇ ಸಲ ಕೇಳಿದ ಹೂವು

ಪಾಂಡವಪುರದ ನಮ್ಮ ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಗೆ ಹೋಗುತ್ತಿದ್ದವರು ನಾವಿಬ್ಬರೇ: ನಾನು, ಮತ್ತೆ ಕ್ಯಾತನಹಳ್ಳಿಯಿಂದ ಬರುತ್ತಿದ್ದ ನನ್ನ ಗೆಳತಿ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ವಿಷಯ ಏನೇ ಇರಲಿ, ಅವಳು ಪರ, ನಾನು ವಿರೋಧ. ಟಿವಿಯಿಂದ ಲಾಭ ಅಂದರೂ ಅವಳು ಪರ, ಟಿವಿಯಿಂದ ಹಾನಿ ಅಂದರೂ ಅವಳೇ ಪರ. ನಾನು ಎರಡನ್ನೂ ವಿರೋಧಿಸಿದೆ, ಎರಡು ಸಲವೂ ನನ್ನ ಮಾತೇ ನಿಜ ಅಂತ ನಂಬಿದೆ.

"ಅವಳು ಕೇಳೋರ ಮುಖ ನೋಡ್ಕೊಂಡು ಮಾತಾಡ್ತಾಳೆ, ನೀನು ಗೆಲ್ಲಕ್ಕೆ ಮಾತಾಡ್ತೀಯ" ಅಂದಿದ್ದರು ಕನ್ನಡ ಮೇಷ್ಟ್ರು. ಇದರಲ್ಲಿ ಹೊಗಳಿಕೆ ಯಾರಿಗೆ ಅಂತ ನಾನು ಅವರ ಹತ್ತಿರವೂ ವಾದ ಮಾಡಿದ್ದೆ.

ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ನನಗಿಂತ ಹೆಚ್ಚು ಅಂಕ ಬಂತು. ಇಬ್ಬರೂ ಶ್ರೀರಂಗಪಟ್ಟಣದ ಕಾಲೇಜು ಸೇರುವುದು, ಬಸ್ಸು ಮೊದಲು ಹತ್ತಿದವಳು ಇನ್ನೊಬ್ಬಳಿಗೆ ಸೀಟು ಹಿಡಿಯುವುದು ಅಂತ ಮಾತಾಗಿತ್ತು. ಆದರೆ ಅಂಕ ನೋಡಿ ಕಾಲೇಜಿಗೆ ಕಳಿಸುವ ಮನೆಗಳಲ್ಲ ನಮ್ಮವು. ಬೋರು ಎಲ್ಲಿ ಕೊರೆಸಬೇಕು, ಯಾವ ಸಂಬಂಧ ಒಪ್ಪಬೇಕು, ಎಲ್ಲವನ್ನೂ ದೇವರ ಮುಂದೆ ಹೂ ಕೇಳಿಯೇ ತೀರ್ಮಾನಿಸುತ್ತಿದ್ದರು. ಪೂಜಾರಿ ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾರೆ. ಮನಸ್ಸಿನಲ್ಲಿ ಕೇಳಿಕೊಂಡು ಕೈಮುಗಿದು ಕೂರಬೇಕು. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ.

ನನ್ನ ಕಾಲೇಜಿಗೆ ಹೂ ಕೇಳಲು ಹೊರಟ ದಿನ ನಾನು ಗುಡಿಯ ದಾರಿಯಲ್ಲೇ ವಾದ ಶುರುಮಾಡಿದೆ. "ಬಲ ಅಂದ್ರೆ ಯಾರ ಬಲ ಅಜ್ಜಿ? ದೇವ್ರುದಾ, ನಮ್ದಾ?"

"ದೇವ್ರುದು ಕಣಮ್ಮಿ. ನಿನ್ ಬಲ ಯಾರ್ ಕೇಳವ್ರೆ?"

"ಒದ್ದೆ ಹೂ ಒಣಗಿದ್ ಮೇಲೆ ಬೀಳ್ಲೇಬೇಕಲ್ಲ. ಯಾವ ಕಡೆ ಗಾಳಿ ಆಡತ್ತೋ ಆ ಕಡೇದು ಮೊದ್ಲು ಒಣಗತ್ತೆ, ಅಷ್ಟೇ."

"ಮೊದ್ಲು ಇವಳ್ ಬಾಯಿಗೆ ಒಂದ್ ಹೂ ಅಂಟ್ಸಿ" ಅಂದರು ಅಪ್ಪ, ಗುಡಿಯೊಳಗೆ ಕಾಲಿಡುತ್ತಲೇ ಪೂಜಾರಿಗೆ.

ಎಡಗಡೆಯ ಹೂ ಬಿತ್ತು. ಅಪ್ಪ ಎದ್ದು ಪಂಚೆ ಕೊಡವಿಕೊಂಡರು. ನನ್ನ ಕಾಲೇಜು ಅಲ್ಲಿಗೆ ಮುಗಿದಿತ್ತು. ಆದರೆ ಅಜ್ಜಿ ಮಾತ್ರ ಏಳಲಿಲ್ಲ.

"ಕೂತ್ಕಳ್ಲಾ. ನೀನು ಮನಸ್ನಲ್ಲಿ ಏನ್ ಕೇಳ್ಕಂಡ್ಯೋ ಏನ್ ಕತೆಯೋ. ಇನ್ನೊಂದ್ ಸಲ ಅಂಟ್ಸಿ ಪೂಜಾರಪ್ಪ, ಈಗ ನಾನ್ ಕೇಳ್ಕತೀನಿ."

ನನಗೆ ಗಂಟಲವರೆಗೆ ವಾದ ಬಂತು. ತೀರ್ಪುಗಾರರ ತೀರ್ಮಾನವೇ ಅಂತಿಮ. ಸೋತವರೆಲ್ಲ ಇನ್ನೊಂದು ಸಲ ಅನ್ನುತ್ತಾ ಕೂತರೆ ಅದು ಯಾವ ಸೀಮೆ ತೀರ್ಪು? ಬಾಯಿ ತೆರೆದೂ ಬಿಟ್ಟೆ. ಅವ್ವ ತೊಡೆ ಜಿಗುಟಿ ಕಿವಿಯಲ್ಲಿ ಅಂದಳು: "ನಿಂಗೆ ಕಾಲೇಜ್ ಬೇಕೋ, ವಾದ ಬೇಕೋ?"

ಎರಡೂ ಬೇಕಿತ್ತು. ಕೈಮುಗಿದು ಕೂತೆ. ಈ ಸಲ ಬಲಗಡೆಯದು ಬಿತ್ತು.

ಅದೇ ವಾರ ಕ್ಯಾತನಹಳ್ಳಿಯಲ್ಲಿ ಅವಳ ಮನೆಯವರೂ ಹೂ ಕೇಳಿದರು. ಎಡಗಡೆಯದು ಬಿತ್ತು. ಎಲ್ಲರೂ ಎದ್ದು ಮನೆಗೆ ಹೋದರು.

ನಾನು ಕಾಲೇಜಿಗೆ ಹೋದೆ, ಡಿಗ್ರಿ ಮುಗಿಸಿದೆ, ನಾಗಮಂಗಲದ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅಲ್ಲೂ ವಿರೋಧ ಪಕ್ಷ ಅಂತಲೇ ನನಗೆ ಹೆಸರು. ಅವಳನ್ನು ಕೆ.ಆರ್. ಪೇಟೆ ಕಡೆಗೆ, ಬೂಕನಕೆರೆ ಹತ್ತಿರದ ಊರಿಗೆ ಕೊಟ್ಟರು. ಹನ್ನೆರಡು ವರ್ಷದ ಮೇಲೆ ಒಂದು ದಿನ ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಜೊತೆಗೆ ಎರಡು ಜಡೆ ಹಾಕಿದ ಪುಟ್ಟ ಮಗಳು.

"ಏನಮ್ಮಿ, ಇನ್ನೂ ವಿರೋಧನೇಯಾ?" ಅಂದಳು.

"ನೀನಿನ್ನೂ ಪರವಾ?"

"ಗಂಡನ್ ಮನೇಲಿ ಇನ್ನೇನ್ ಆಗಕ್ಕಾದದು?" ನಕ್ಕಳು.

ಮಾತಿಗೆ ಮಾತು ಬಂದು, ನಮ್ಮ ಅಜ್ಜಿ ಎರಡನೇ ಸಲ ಹೂ ಕೇಳಿಸಿದ್ದನ್ನು ಹೇಳಿದೆ. ಅವಳಿಗದು ಗೊತ್ತಿರಲಿಲ್ಲ. ಮಗಳ ಜಡೆಯ ಟೇಪು ಬಿಚ್ಚಿ ಮತ್ತೆ ಕಟ್ಟಿದಳು.

"ಎಲ್ಡ್ನೇ ಸಲ ಕೇಳ್ಬೋದು ಅಂತ ನಮ್ಮನೇರ್ಗೂ ಗೊತ್ತಿತ್ತು ಕಣೇ. ನಮ್ಮಣ್ಣನ್ ಬೋರಿಗೆ ಮೂರ್ ಸಲ ಕೇಳುದ್ರು."

ನಾನು ತಕ್ಷಣ ಹಿಡಿದುಕೊಂಡೆ. "ಅದಕ್ಕೇ ನಾನ್ ಹೇಳೋದು, ಅದು ದೇವ್ರೂ ಅಲ್ಲ, ಹೂವೂ ಅಲ್ಲ. ಬೇಕು ಅಂತಿದ್ರೆ ಬಲ, ಬ್ಯಾಡ ಅಂತಿದ್ರೆ ಎಡ."

"ಹೂವ ಯಾಕ್ ಬೈತೀಯ ಬುಡು. ಅದೇನ್ ಮಾಡ್ತು? ಎದ್ದೋದೋರು ನಮ್ಮೋರು."

"ಹಂಗಾದ್ರೆ ಇವಳಿಗೆ ಹೂ ಕೇಳಲ್ಲ ತಾನೆ?"

"ಕೇಳ್ದೆ ಇದ್ರೆ ನಮ್ಮತ್ತೆ ಬುಟ್ಟಾರಾ? ಕೇಳ್ತೀನಿ." ಮಗಳ ತಲೆಯ ಮೇಲೆ ಕೈ ಇಟ್ಟಳು. "ಬಲಕ್ ಬೀಳೋ ಗಂಟ ಏಳಕ್ಕಿಲ್ಲ, ಅಷ್ಟೇಯ."

ಇದಕ್ಕೂ ಒಂದು ವಿರೋಧ ಇದ್ದೇ ಇತ್ತು. ಕೇಳುವುದನ್ನೇ ನಿಲ್ಲಿಸು ಅನ್ನಬಹುದಿತ್ತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೆ.ಆರ್. ಪೇಟೆ ಬಸ್ಸು ಒಳಗೆ ಬಂತು. ಜನ ಬಾಗಿಲಿಗೆ ಮುಗಿಬಿದ್ದರು. ನಾನು ಅವಳ ಕೈಯಿಂದ ಚೀಲ ಕಿತ್ತುಕೊಂಡು ಓಡಿ, ಕಿಟಕಿಯೊಳಗೆ ತೂರಿಸಿ, ಇಬ್ಬರಿಗೂ ಸೀಟು ಹಿಡಿದೆ.