‘ತುಕ್ಕು’ ಆಲ್ಬಮ್ಮಿನ ಕುಂಟು ಪೆಟ್ಟು

ಗಂಡನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಹಿಂದಿನ ಬೀದಿಯ ತಗಡಿನ ಅಂಗಡಿಯಲ್ಲಿ ಕೂತಿದ್ದೇನೆ. ಇನ್ನೂ ಪೂರ್ತಿ ಬೆಳಕಾಗಿಲ್ಲ. ಎಲ್ಲರೂ ತಗಡಕ್ಕ ಎಂದು ಕರೆಯುವ ಹೆಂಗಸು ಬಕೆಟ್ಟಿಗೆ ತಳ ಕೂರಿಸುತ್ತಿದ್ದಾರೆ. ನಾಲ್ಕು ಪೆಟ್ಟು, ಒಂದು ಬಿಡುವು. ಆ ಬಿಡುವಿನಲ್ಲಿ ಎಡಗೈ ಬಕೆಟ್ಟನ್ನು ತಿರುಗಿಸುತ್ತದೆ. ಮತ್ತೆ ನಾಲ್ಕು.

ರಾಕ್ ಸಂಗೀತ ಕೇಳುವವರಿಗೆ ಈ ಕುಂಟು ಲಯ ಗೊತ್ತು. ನನ್ನ ಗಂಡ ಡ್ರಮ್ ಬಾರಿಸುತ್ತಿದ್ದ ತಂಡದ ‘ತುಕ್ಕು’ ಆಲ್ಬಮ್ ನಿಂತಿರುವುದೇ ಇದರ ಮೇಲೆ. ಎಷ್ಟೋ ಹೊಸ ತಂಡಗಳು ಇದನ್ನು ಎತ್ತಿಕೊಂಡಿವೆ. ಮೊನ್ನೆ ಪತ್ರಿಕೆಗಳು ‘ಅಗಲಿದ ಕಲಾವಿದನ ಆವಿಷ್ಕಾರ’ ಎಂದು ಬರೆದವು. ಸುಳ್ಳು. ಅವನು ಇದನ್ನು ಈ ಅಂಗಡಿಯಲ್ಲಿ ಕೂತು ಕಲಿತ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಸರಿ. ಅದಕ್ಕಾಗಿ ಬದುಕಿರುವವರನ್ನು ಅಳಿಸಬೇಕೆ?

ಮೂರನೇ ಹಾಡಿನ ಧ್ವನಿಮುದ್ರಣ ನಡೆದದ್ದು ಇಲ್ಲೇ. ಪೆಟ್ಟು ತಗಡಕ್ಕನದು, ಬಕೆಟ್ಟು ಹಿಡಿದುಕೊಳ್ಳುವುದು ನನ್ನ ಗಂಡನ ಕೆಲಸ. ಪೆಟ್ಟು ಕೇಳುತ್ತಾ ಮೈಮರೆತು ಕೈಬಿಟ್ಟ.

“ಹಿಡ್ಕೊಳ್ಳೋ ಕತ್ತೆ! ಇದೇನು ನಿಮ್ಮತ್ತೆ ಮನೆ ಬಕೆಟ್ಟಾ?”

ತಗಡಕ್ಕನ ಆ ಬೈಗುಳವೂ ಹಾಡಿನಲ್ಲಿ ಉಳಿಯಿತು. ಕಾರ್ಯಕ್ರಮಗಳಲ್ಲಿ ಸಾವಿರಾರು ಜನ ಅದನ್ನು ಒಕ್ಕೊರಲಿನಿಂದ ಕೂಗುತ್ತಾರೆ. ಆಲ್ಬಮ್ಮಿನ ಹೊದಿಕೆಯ ಮೇಲೆ ಮಾತ್ರ ‘ಬೀದಿಯ ಸದ್ದು’ ಎಂದಿದೆ.

ಪ್ಲಾಸ್ಟಿಕ್ ಬಂದ ಮೇಲೆ ಈ ಬೀದಿಯ ತಗಡಿನವರೆಲ್ಲ ಬಾಗಿಲು ಹಾಕಿದರು. ತಂದೆಯ ಅಂಗಡಿಯನ್ನು ತಗಡಕ್ಕ ಬಿಡಲಿಲ್ಲ. ಈಗಲೂ ದಿನಕ್ಕೆ ಆರೇಳು ಬಕೆಟ್ಟು ಮಾಡುತ್ತಾರೆ. ಪೆಟ್ಟು ಕೇಳಿ ಕೇಳಿ ಎಡಗಿವಿ ಹೋಗಿದೆ.

“ನನ್ನ ಹಾಡು ನಾನೇ ಅರ್ಧ ಕೇಳಿದೀನಿ ನೋಡು,” ಎಂದು ನಗುತ್ತಾರೆ.

“ಹೆಸರು ಹಾಕಿ ಅಂತ ಆಗ್ಲೇ ಕೇಳಬಾರದಿತ್ತಾ ಅಕ್ಕ?”

“ಕೇಳ್ದೆ ತಾಯಿ. ಮುಂದಿನ ಸಲ ಹಾಕ್ತೀವಿ ಅಂದ್ರು. ನಿನ್ನ ಗಂಡನೂ ಅಂದ.”

ಆ ಮುಂದಿನ ಸಲ ಬಂದಿದೆ. ಆಲ್ಬಮ್ ಹೊಸ ಹೊದಿಕೆಯಲ್ಲಿ ಬರಲಿದೆ. ಅದಕ್ಕೆ ಗಂಡನ ಬದಲು ಈಗ ನನ್ನ ಸಹಿ ಬೇಕು. ತಗಡಕ್ಕನ ಹೆಸರು ಹಾಕಿ ಎಂದು ನಿನ್ನೆ ಆಲ್ಬಮ್ ಕಂಪನಿಯವರಿಗೆ ಫೋನಿನಲ್ಲಿ ಹೇಳಿದೆ.

“ಮೇಡಂ, ಅದು ಬರೀ ಸದ್ದು. ಸಂಗೀತ ಅಲ್ಲ.”

“ಹಾಗಾದ್ರೆ ಆ ಸದ್ದು ತೆಗೆದುಬಿಡಿ. ಉಳಿದದ್ದು ಮಾರ್ಕೊಳ್ಳಿ,” ಎಂದೆ. ಹೆಸರು ಬರುವವರೆಗೆ ನನ್ನ ಸಹಿ ಇಲ್ಲ ಎಂದು ಫೋನ್ ಇಟ್ಟೆ.

ತಗಡಕ್ಕನಿಗೆ ಇದನ್ನು ಹೇಳಿದಾಗ ಅವರ ಕೈ ನಿಂತಿತು. “ನಿಂಗ್ಯಾಕಮ್ಮ ಈ ಹೊತ್ತಲ್ಲಿ ಜಗಳ?” ಎಂದರು. ಬಕೆಟ್ಟನ್ನು ಪಕ್ಕಕ್ಕಿಟ್ಟು ಅವರೇ, “ಹಾಕೋದಾದ್ರೆ ತಗಡಕ್ಕ ಅಂತ ಬೇಡ. ನಮ್ಮಪ್ಪ ಇಟ್ಟ ಹೆಸರು ಹಾಕ್ಲಿ,” ಎಂದರು.

ಚೀಲದಿಂದ ತಗಡು ಬಡಿಯುವ ಮರದ ಕೊಡತಿ ತೆಗೆದು ಅವರ ಮುಂದಿಡುತ್ತೇನೆ. ‘ನಾಳೆ ತಂದ್ಕೊಡ್ತೀನಿ’ ಎಂದು ನನ್ನ ಗಂಡ ಇಲ್ಲಿಂದ ಒಯ್ದು ವರ್ಷಗಳಾಗಿವೆ. ಕೊನೆಯ ಕಾರ್ಯಕ್ರಮದವರೆಗೂ ಅವನು ಬಾರಿಸಿದ್ದು ಇದರಲ್ಲೇ. ಅವರು ಅದನ್ನು ಕೈಯಲ್ಲಿ ತೂಗಿ, ಸವೆದ ಮುಖವನ್ನು ಹೆಬ್ಬೆರಳಿನಿಂದ ಸವರುತ್ತಾರೆ.

“ಚೆನ್ನಾಗಿ ಬಾರಿಸ್ತಿದ್ನಾ?”

“ಬಾರಿಸ್ತಿದ್ದ ಅಕ್ಕ.”

“ಬಾರಿಸ್ದೆ ಇನ್ನೇನು. ಕಲಿಸಿದೋಳು ನಾನು.”